ಶುಂಠಿ ಕಷಾಯಕ್ಕೂ ಒಂದು ಗಡುವು ಇರಲಿ

ಗುಂಡ್ಲುಪೇಟೆಯಿಂದ ತೆರಕಣಾಂಬಿ ಮಾರ್ಗವಾಗಿ ಚಾಮರಾಜನಗರಕ್ಕೆ ಬಸ್ಸಿನಲ್ಲಿ ಹೋಗುವವರಿಗೆ ರಸ್ತೆ ಬದಿಯ ಅರಿಸಿನದ ಹೊಲಗಳು, ನಡುನಡುವೆ ಶುಂಠಿಯ ಏರುಮಡಿಗಳು ಕಣ್ಣಿಗೆ ಬೀಳದೆ ಇರುವುದಿಲ್ಲ. ಗಡಿಯಾಚೆಯ ವಯನಾಡಿನವರು ಬಂದು ಇಲ್ಲಿ ಗುತ್ತಿಗೆಗೆ ನೆಲ ಹಿಡಿದು ಶುಂಠಿ ಹಾಕುವುದು ಬಹಳ ವರ್ಷಗಳ ರೂಢಿ. ಅವರು ‘ಇಂಜಿ’ ಅನ್ನುತ್ತಾರೆ, ಊರಿನವರು ‘ಶುಂಠಿ’ ಅನ್ನುತ್ತಾರೆ, ಉತ್ತರ ಕರ್ನಾಟಕದ ಲಾರಿ ಡ್ರೈವರ್ ಬಂದರೆ ‘ಅಲ್ಲ’ ಅನ್ನುತ್ತಾನೆ. ವ್ಯಾಪಾರಕ್ಕಾಗಿ ಕರಾವಳಿಯಿಂದ ಘಟ್ಟ ಹತ್ತಿ ಬಂದ ನಮ್ಮಂಥ ಬ್ಯಾರಿ ಮನೆಗಳವರಿಗೆ ಮೂರೂ ಹೆಸರು ಗೊತ್ತು. 60 ಕೆ.ಜಿ. ಮೂಟೆಯ ಲೆಕ್ಕದಲ್ಲಿ ಶುಂಠಿಯ ಬೆಲೆ ಏರುವುದನ್ನೂ ನೋಡಿದ್ದೇವೆ, ಕೀಳುವ ಕೂಲಿಯೂ ಹುಟ್ಟದೆ ರೈತ ತಲೆ ಮೇಲೆ ಕೈ ಇಟ್ಟು ಕೂರುವುದನ್ನೂ ನೋಡಿದ್ದೇವೆ.

ಆದರೆ ಇವತ್ತು ನಾವು ಹೇಳಬೇಕೆಂದಿರುವುದು ಹೊಲದ ಶುಂಠಿಯ ಮಾತಲ್ಲ, ಅಡುಗೆ ಮನೆಯ ಶುಂಠಿಯ ಮಾತು. ಊರಿನಲ್ಲಿ ಇಷ್ಟು ಶುಂಠಿ ಇರುವಾಗ ಮನೆಯಲ್ಲಿ ಯಾರಿಗೆ ಏನಾದರೂ ಮೊದಲ ಮದ್ದು ಅದೇ. ನೆಗಡಿಗೆ ಕಷಾಯ, ಕೆಮ್ಮಿಗೆ ಒಣ ಶುಂಠಿ ಪುಡಿ, ಹೊಟ್ಟೆ ಉಬ್ಬರಕ್ಕೆ ಶುಂಠಿ ರಸ-ಉಪ್ಪು, ಊರಿಗೆ ಹೋಗುವಾಗ ಸಂಪಾಜೆ ಘಾಟಿಯಲ್ಲಿ ಮಕ್ಕಳಿಗೆ ವಾಂತಿ ಬಂದರೆ ಬಾಯಿಗೆ ಒಂದು ಚೂರು ಶುಂಠಿ. ಇದೆಲ್ಲ ನಮ್ಮ ಉಮ್ಮಂದಿರು ಕೊಟ್ಟು ಹೋದ ವಿದ್ಯೆ. ಇದನ್ನು ಹಗುರ ಮಾಡುವ ಉದ್ದೇಶ ನಮಗಿಲ್ಲ. ಇದರಲ್ಲಿ ಸತ್ಯವೂ ಇದೆ.

ಏನು ಸತ್ಯ? ಹಸಿ ಶುಂಠಿಯ ಖಾರಕ್ಕೆ ಕಾರಣ ಜಿಂಜರಾಲ್ ಎಂಬ ಅಂಶ. ಒಣಗಿಸಿದಾಗ ಅದರಲ್ಲಿ ಒಂದಷ್ಟು ಶೋಗಾಲ್ ಆಗಿ ಬದಲಾಗುತ್ತದೆ. ಒಣ ಶುಂಠಿ ಗಂಟಲಲ್ಲಿ ಹೆಚ್ಚು ಉರಿಯುವುದು ಅದಕ್ಕೇ. ವಾಕರಿಕೆಯ ವಿಷಯದಲ್ಲಂತೂ ವೈದ್ಯರೂ ಶುಂಠಿಯನ್ನು ಒಪ್ಪುತ್ತಾರೆ. ಬಸುರಿಯರ ಬೆಳಗಿನ ವಾಕರಿಕೆಗೆ ದಿನಕ್ಕೆ ಸುಮಾರು 1 ಗ್ರಾಂ ಒಣ ಶುಂಠಿ, ಅಂದರೆ ಹೆಚ್ಚುಕಡಿಮೆ ಅರ್ಧ ಟೀ ಚಮಚ ಪುಡಿಯನ್ನು, ಎರಡು ಮೂರು ಸಲ ಹಂಚಿ ಕೊಟ್ಟು ನೋಡಿದ ಪರೀಕ್ಷೆಗಳಲ್ಲಿ ಗುಣ ಕಂಡಿದೆ. ಹಾಗಂತ ಬಸುರಿಯರು ಒಮ್ಮೆ ತಮ್ಮ ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ತಿಂಗಳ ಹೊಟ್ಟೆನೋವಿಗೂ ಕೆಲವರಿಗೆ ಆರಾಮ ಸಿಗುತ್ತದೆ. ನೆಗಡಿಯನ್ನು ಮಾತ್ರ ಶುಂಠಿ ಓಡಿಸುವುದಿಲ್ಲ. ನೆಗಡಿ ತನ್ನ ವಾರ ಮುಗಿಸಿಕೊಂಡೇ ಹೋಗುತ್ತದೆ, ಕಷಾಯದ ಬಿಸಿ ಆ ವಾರವನ್ನು ಸ್ವಲ್ಪ ಹಿತ ಮಾಡುತ್ತದೆ. ಅಷ್ಟೂ ಕಡಿಮೆ ಉಪಕಾರವಲ್ಲ.

ಇನ್ನು ಕೆಲವರು ಖುರ್‌ಆನಿನಲ್ಲೇ ಶುಂಠಿಯ ಹೆಸರು ಬಂದಿದೆ, ಆದ್ದರಿಂದ ಅದು ಎಲ್ಲ ರೋಗಕ್ಕೂ ಮದ್ದು ಅಂತ ಮೊಬೈಲಿನಲ್ಲಿ ಹಂಚುತ್ತಾರೆ. ಹೆಸರು ಬಂದಿರುವುದು ನಿಜ. ಅಲ್-ಇನ್ಸಾನ್ ಸೂರಃದ 17ನೇ ಆಯತ್ತಿನಲ್ಲಿ ‘ಝಂಜಬೀಲ್’ ಇದೆ. ಆದರೆ ಅಲ್ಲಿ ಹೇಳಿರುವುದು ಸ್ವರ್ಗದಲ್ಲಿ ಕುಡಿಸುವ ಪಾನೀಯದ ವಿಷಯ. ಎದೆನೋವಿಗೆ ಇದನ್ನು ಕುಡಿ, ಸಕ್ಕರೆ ಕಾಯಿಲೆಯ ಮಾತ್ರೆ ಬಿಡು ಅಂತ ಅಲ್ಲಿ ಎಲ್ಲೂ ಇಲ್ಲ. ಆಯತ್ತಿಗೆ ಇಲ್ಲದ ಅರ್ಥ ಅಂಟಿಸಿ ಹಂಚುವವರು ದೀನಿಗೂ ಒಳ್ಳೆಯದು ಮಾಡುತ್ತಿಲ್ಲ, ರೋಗಿಗೂ ಮಾಡುತ್ತಿಲ್ಲ.

ಈ ಮಾತನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಉಂಟು. ನಮ್ಮ ಕುಟುಂಬದ ಹಿರಿಯರೊಬ್ಬರಿಗೆ ಒಂದು ರಾತ್ರಿ ಊಟವಾದ ಮೇಲೆ ಎದೆಯಲ್ಲಿ ಭಾರ ಅನ್ನಿಸಿತು. ಮೈ ಬೆವರಿತು. ‘ಗ್ಯಾಸ್’ ಅಂದರು ಅವರು, ‘ಗ್ಯಾಸೇ ಇರಬೇಕು’ ಅಂದೆವು ನಾವೂ. ಶುಂಠಿ ಜಜ್ಜಿ ಕಷಾಯ ಕೊಟ್ಟೆವು. ಒಂದು ತೇಗು ಬಂತು, ಸ್ವಲ್ಪ ಹಗುರಾಯಿತು ಅಂದರು. ಅರ್ಧ ಗಂಟೆ ಬಿಟ್ಟು ಇನ್ನೊಂದು ಲೋಟ ಕೊಟ್ಟೆವು. ಹೀಗೇ ಎರಡು ಗಂಟೆ ಹೋಯಿತು. ಕೊನೆಗೆ ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದಾಗ ಅದು ಹೃದಯಾಘಾತ. ಜೀವ ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಹೃದಯದ ಒಂದು ಭಾಗ ಮೊದಲಿನ ಹಾಗೆ ಬಡಿಯುತ್ತಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ನಿಂತು ಉಸಿರು ತೆಗೆಯಬೇಕು. ಆ ಎರಡು ಗಂಟೆಗಳನ್ನು ಶುಂಠಿ ಕದಿಯಲಿಲ್ಲ. ಕೈಯಾರೆ ಕೊಟ್ಟವರು ನಾವೇ.

ಆಮೇಲೆ ನಾವು ಯೋಚಿಸಿದ್ದು ಇದು: ನಮ್ಮ ಅಜ್ಜಿಯಂದಿರೂ ಶುಂಠಿ ಕೊಡುತ್ತಿದ್ದರು. ಆದರೆ ಅವರ ಮದ್ದಿಗೆ ಒಂದು ಗಡುವು ಇತ್ತು. ‘ಬೆಳಗ್ಗೆವರೆಗೆ ನೋಡು, ಇಳಿಯದಿದ್ದರೆ ಕರ್ಕೊಂಡು ಹೋಗು’ ಅನ್ನುತ್ತಿದ್ದರು. ಮಗುವಿನ ಮುಖ ಬಾಡಿದ ರೀತಿ ನೋಡಿಯೇ ‘ಇದು ನನ್ನ ಕೈಯಲ್ಲಿ ಆಗುವುದಲ್ಲ’ ಅನ್ನುತ್ತಿದ್ದರು. ನಾವು ಅವರ ಶುಂಠಿಯನ್ನು ಇಟ್ಟುಕೊಂಡೆವು, ಗಡುವನ್ನು ಮರೆತೆವು.

ಆ ಗಡುವನ್ನು ಮತ್ತೆ ಅಡುಗೆ ಮನೆಗೆ ತರೋಣ. ಎದೆಯ ನಡುವೆ ಭಾರ, ಎಡಗೈಗೋ ದವಡೆಗೋ ಬೆನ್ನಿಗೋ ಹರಡುವ ನೋವು, ತಣ್ಣನೆಯ ಬೆವರು, ಏದುಸಿರು ಇದ್ದರೆ ಕಷಾಯಕ್ಕೆ ಒಲೆ ಹಚ್ಚಲೇಬೇಡಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟ ಅಂತಲೂ ಇದು ಬರಬಹುದು. 108ಕ್ಕೆ ಫೋನ್ ಮಾಡಿ. ಗುಂಡ್ಲುಪೇಟೆಯಿಂದಾಗಲಿ ಚಾಮರಾಜನಗರದಿಂದಾಗಲಿ ಮೈಸೂರು ಸುಮಾರು 60 ಕಿ.ಮೀ. ದೂರ. ಬಂಡೀಪುರದ ಮೂಲಕ ಕೇರಳಕ್ಕೆ ಹೋಗುವ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್, ಆಂಬುಲೆನ್ಸಿಗೆ ಬಿಡುತ್ತಾರೆ. ಹೀಗಿರುವಾಗ ಮನೆಯಲ್ಲಿ ಕಳೆದ ಒಂದೊಂದು ನಿಮಿಷವೂ ದುಬಾರಿ. ದೊಡ್ಡ ಆಸ್ಪತ್ರೆ ದೂರ ಅಂತ ಕೂರಬೇಡಿ. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಇ.ಸಿ.ಜಿ. ಮಾಡಿಸಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದದ್ದೇ ತಾಲ್ಲೂಕು ಮಟ್ಟದಲ್ಲೇ ಇ.ಸಿ.ಜಿ. ನೋಡಿ, ಬೇಕಾದವರಿಗೆ ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡಲಿಕ್ಕೆ. ಆ ಚುಚ್ಚುಮದ್ದು ಬೇಗ ಬಿದ್ದಷ್ಟೂ ಹೃದಯ ಉಳಿಯುತ್ತದೆ.

ಉಳಿದ ಗಡುವುಗಳನ್ನೂ ಹೇಳಿಬಿಡುತ್ತೇವೆ. ಕೆಮ್ಮು 2 ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ. ಕ್ಷಯದ ಪರೀಕ್ಷೆಯೂ ಮದ್ದೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಜ್ವರ 2-3 ದಿನಕ್ಕೆ ಇಳಿಯದಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಮಳೆಗಾಲದ ಡೆಂಗಿ ಜ್ವರಕ್ಕೆ ಕಷಾಯ ಉತ್ತರವಲ್ಲ. 3 ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಒಂದು ರಾತ್ರಿಯನ್ನೂ ಕಾಯಬಾರದು. ವಾಂತಿ-ಭೇದಿಗೆ ಶುಂಠಿಗಿಂತ ಮೊದಲು ಓ.ಆರ್.ಎಸ್. ಬೇಕು, ದೊಡ್ಡ ಪೊಟ್ಟಣವನ್ನು ಪೂರ್ತಿ 1 ಲೀಟರ್ ಶುದ್ಧ ನೀರಿಗೆ ಕರಗಿಸಿ. ಹೊಕ್ಕುಳ ಸುತ್ತ ಶುರುವಾದ ನೋವು ಕೆಳಗೆ ಬಲಕ್ಕೆ ಸರಿದು ನಿಂತರೆ ಅದು ಅಪೆಂಡಿಕ್ಸ್ ಇರಬಹುದು, ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಹೋಗಿ. ವರ್ಷ ತುಂಬದ ಮಗುವಿಗೆ ಶುಂಠಿ ರಸ-ಜೇನು ನೆಕ್ಕಿಸುವ ರೂಢಿ ನಮ್ಮಲ್ಲಿ ಉಂಟು. ಅದನ್ನು ಬಿಡಲೇಬೇಕು. ಜೇನಿನಿಂದ ಎಳೆಕೂಸಿಗೆ ಬೊಟುಲಿಸಂ ಎಂಬ ಗಂಡಾಂತರದ ಕಾಯಿಲೆ ತಗಲಬಹುದು.

ಶುಂಠಿ ಯಾರಿಗೆ ಆಗುವುದಿಲ್ಲ ಎಂಬುದೂ ಗೊತ್ತಿರಲಿ. ರಕ್ತ ತೆಳುವಾಗುವ ಮಾತ್ರೆ ನುಂಗುವವರು, ಪಿತ್ತಕೋಶದಲ್ಲಿ ಕಲ್ಲು ಇರುವವರು, ಆಪರೇಷನ್‌ಗೆ ದಿನ ಗೊತ್ತಾದವರು ಡಾಕ್ಟರನ್ನು ಕೇಳದೆ ಮದ್ದಿನ ಪ್ರಮಾಣದಲ್ಲಿ ತೆಗೆದುಕೊಳ್ಳಬಾರದು. ಸಾರಿಗೆ, ಮೀನು ಪದಾರ್ಥಕ್ಕೆ ಹಾಕುವಷ್ಟಕ್ಕೆ ಹೆದರಬೇಕಾಗಿಲ್ಲ. ಎದೆಯುರಿ ಇರುವವರು ಇಡೀ ದಿನ ಉಪವಾಸವಿದ್ದು ಇಫ್ತಾರಿನ ಹೊತ್ತಿಗೆ ಖಾಲಿ ಹೊಟ್ಟೆಗೆ ಖಾರದ ಕಷಾಯ ಸುರಿದರೆ ಉರಿ ಹೆಚ್ಚೇ ಆಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕಷಾಯದ ಬೆಲ್ಲವೂ ಸಕ್ಕರೆಯೇ, ಅದಕ್ಕೆ ಬೇರೆ ಹೆಸರಿಲ್ಲ.

ಕಷಾಯಕ್ಕೆ ಒಂದು ಲೋಟ ನೀರು, ಅರ್ಧ ಇಂಚು ಹಸಿ ಶುಂಠಿ, ಐದು ನಿಮಿಷ ಕುದಿ ಸಾಕು. ಒಮ್ಮೆಗೇ ಮುಷ್ಟಿಗಟ್ಟಲೆ ಜಜ್ಜಿ ಹಾಕಿದರೆ ಗುಣ ಹೆಚ್ಚುವುದಿಲ್ಲ, ಹೊಟ್ಟೆ ಉರಿಯುತ್ತದೆ. ಸಿಪ್ಪೆ ಹೆರೆದೇ ಹಾಕಿ. ಕೊಳೆ ರೋಗಕ್ಕೆ ಹೆದರಿ ಶುಂಠಿ ಮಡಿಗಳಿಗೆ ಮೇಲಿಂದ ಮೇಲೆ ಔಷಧಿ ಹೊಡೆಯುವುದನ್ನು ಇಲ್ಲಿ ಇದ್ದವರೆಲ್ಲ ನೋಡಿದ್ದೇವೆ. ಆ ಬೆಳೆಯನ್ನು ಒಂದೇ ನೆಲದಲ್ಲಿ ವರ್ಷ ವರ್ಷ ಹಾಕಲೂ ಆಗುವುದಿಲ್ಲ, ಮಣ್ಣಿನಲ್ಲಿ ಉಳಿದ ರೋಗ ಮರು ವರ್ಷ ಗೆಡ್ಡೆಯನ್ನು ತಿನ್ನುತ್ತದೆ. ಹಿತ್ತಲಿನಲ್ಲಿ ಜಾಗ ಇದ್ದವರು ಮುಂಗಾರಿಗೆ ಮುಂಚೆ ಒಂದು ಹಳೆ ಗೋಣಿಚೀಲದಲ್ಲಿ ಮಣ್ಣು-ಗೊಬ್ಬರ ತುಂಬಿ ನಾಲ್ಕು ಮೊಳಕೆ ಊರಿದರೆ ಎಂಟು ಹತ್ತು ತಿಂಗಳಿಗೆ ಮನೆಗೆ ಬೇಕಾದಷ್ಟು ಮದ್ದು ಮನೆಯಲ್ಲೇ ಆಗುತ್ತದೆ.

ಮನೆ ಮದ್ದು ಬಿಡಿ ಅಂತ ನಾವು ಯಾರಿಗೂ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಈಗಲೂ ಶುಂಠಿ ಡಬ್ಬ ಒಲೆಯ ಪಕ್ಕದಲ್ಲೇ ಇದೆ. ಆ ರಾತ್ರಿಯ ಮೇಲೆ ಅದರ ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿದ್ದೇವೆ, 108 ಅಂತ ದೊಡ್ಡದಾಗಿ ಬರೆದು. ಕಷಾಯ ಮಾಡಲು ಹೋದವರ ಕಣ್ಣಿಗೆ ಮೊದಲು ಅದು ಬೀಳಲಿ ಅಂತ. ನಿಮ್ಮ ಮನೆಯ ಡಬ್ಬಕ್ಕೂ ಇವತ್ತೇ ಒಂದು ಅಂಟಿಸಿ.