ಕೂಲಿಯವನ ಬಾಯಲ್ಲಿ ಸ್ಪ್ಯಾನಿಷ್ ಬೆಳೆಯಿತು, ಕನ್ನಡ ಯಾಕೆ ಸೊರಗಿತು?

ಕನ್ನಡದ ಯುವಕರೇ, ಯುವತಿಯರೇ,

2025ರ ಮಾರ್ಚ್ 1ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ಅಮೆರಿಕದ ಅಧಿಕೃತ ಭಾಷೆ ಇಂಗ್ಲಿಷ್ ಎಂದು ಆ ಆದೇಶ ಸಾರಿತು. ಆ ದೇಶ ಹುಟ್ಟಿದ ಮೇಲೆ ಇಂಥ ಆದೇಶ ಹೊರಬಿದ್ದದ್ದು ಅದೇ ಮೊದಲು. ಯೋಚನೆ ಮಾಡಿ. ಜಗತ್ತನ್ನೇ ಆಳುತ್ತಿರುವ ಭಾಷೆ, ನಮ್ಮ ಮಕ್ಕಳು ಎಲ್‌ಕೆಜಿಯಿಂದಲೇ ಬಾಯಿಪಾಠ ಹೊಡೆಯುವ ಭಾಷೆ, ತನ್ನ ಸ್ವಂತ ಮನೆಯಲ್ಲೇ ಕಾನೂನಿನ ಊರುಗೋಲು ಬೇಡುವಂತಾಯಿತು! ಯಾರಿಗೆ ಹೆದರಿ?

ಕೂಲಿಯವರಿಗೆ ಹೆದರಿ. ದ್ರಾಕ್ಷಿ ಕೊಯ್ಯುವವರಿಗೆ, ಗಾರೆ ಕಲಸುವವರಿಗೆ, ಹೋಟೆಲಿನಲ್ಲಿ ತಟ್ಟೆ ತೊಳೆಯುವವರಿಗೆ, ಪರರ ಮಕ್ಕಳನ್ನು ಎತ್ತಿ ಆಡಿಸುವ ಹೆಂಗಸರಿಗೆ ಹೆದರಿ. ಇವರ ಬಾಯಲ್ಲಿರುವುದು ಸ್ಪ್ಯಾನಿಷ್. 1980ರಲ್ಲಿ ಅಮೆರಿಕದಲ್ಲಿ ಮನೆಯೊಳಗೆ ಸ್ಪ್ಯಾನಿಷ್ ಮಾತಾಡುತ್ತಿದ್ದವರು ಸುಮಾರು 1 ಕೋಟಿ 10 ಲಕ್ಷ. ಇಂದು ಅವರ ಸಂಖ್ಯೆ 4 ಕೋಟಿ ದಾಟಿದೆ. ಇಂಗ್ಲಿಷಿನ ತವರಾದ ಇಂಗ್ಲೆಂಡಿನಲ್ಲೂ ಶಾಲೆಯ ಮಕ್ಕಳು ತಲತಲಾಂತರದಿಂದ ಓದುತ್ತಿದ್ದ ಫ್ರೆಂಚನ್ನು ಬಿಟ್ಟು ಸ್ಪ್ಯಾನಿಷ್ ಕಡೆ ಹೊರಳಿದ್ದಾರೆ. ನಮ್ಮ ಪಿಯುಸಿಗೆ ಸಮನಾದ ಅಲ್ಲಿನ 'ಎ ಲೆವೆಲ್' ಪರೀಕ್ಷೆಯಲ್ಲಿ 2019ರಲ್ಲೇ ಸ್ಪ್ಯಾನಿಷ್ ಫ್ರೆಂಚನ್ನು ಹಿಂದೆ ಹಾಕಿತು.

ನಾನು ಪಿಯುಸಿ ಓದಿದ ಮನುಷ್ಯ. ಸಿಂದಗಿ ಕಡೆ ಒಂದು ಸಣ್ಣ ಪ್ರೆಸ್ ಇಟ್ಟುಕೊಂಡು ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಹ್ಯಾಂಡ್‌ಬಿಲ್ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ಅಮೆರಿಕದ ಸುದ್ದಿ ಇವನಿಗ್ಯಾಕೆ ಎಂದು ನೀವು ಕೇಳಬಹುದು. ಕಾರಣ ಇದೆ. ಆ ಕೂಲಿಯವರಂಥ ಕೂಲಿಯವರು ನಮ್ಮಲ್ಲೂ ಇದ್ದಾರೆ. ಅವರ ಗಂಟಿನಲ್ಲಿ ಕಟ್ಟಿಕೊಂಡು ಹೋದ ಕನ್ನಡ ಮಾತ್ರ ವಾಪಸು ಬರುತ್ತಿಲ್ಲ!

ಗುಳೆ ಹೋದ ಕನ್ನಡ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ಹಳೆಯ ತಾಲೂಕುಗಳ ಹಳ್ಳಿಗಳಿಗೆ ಬಂದು ನೋಡಿ. ಮಳೆ ಕೈಕೊಟ್ಟ ವರ್ಷ ಮನೆಗಳಿಗೆ ಬೀಗ. ಅಂಗಳದಲ್ಲಿ ಮುದುಕರು ಮತ್ತು ನಾಯಿಗಳು ಮಾತ್ರ. ಉಳಿದವರೆಲ್ಲ ಗುಳೆ. ಕೆಲವರು ಭೀಮೆ ದಾಟಿ ಸೊಲ್ಲಾಪುರಕ್ಕೆ, ಕೆಲವರು ಪುಣೆ, ಮುಂಬಯಿಗೆ, ಇನ್ನು ಕೆಲವರು ಗೋವಾದ ವಾಸ್ಕೊ, ಮಡಗಾಂವ್‌ಗೆ. ಇದು ನಿನ್ನೆ ಮೊನ್ನೆಯ ಕಥೆಯಲ್ಲ. 1956ರವರೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಬರ ಬಂದರೆ ಮುಂಬಯಿಗೆ ನಡೆ ಎನ್ನುವುದು ಅಜ್ಜನ ಕಾಲದ ಮಾತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು, 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದರು. ಆ ನಲವತ್ತೆರಡು ವರ್ಷಗಳಲ್ಲಿ ಕೃಷ್ಣೆಯ ದಡದ ಊರುಗಳು ನೀರು ಬರಲೆಂದು ಮುಳುಗಿದವು. ದೂರದ ಹೊಲಗಳು ನೀರಿಗಾಗಿ ಕಾದು ಒಣಗಿದವು. ಮುಳುಗಿದವರೂ ಗುಳೆ ಹೋದರು, ಒಣಗಿದವರೂ ಗುಳೆ ಹೋದರು.

ಅಲ್ಲಿಗೆ ಹೋದ ಕನ್ನಡ ಏನಾಯಿತು? ಸರಕಾರದ ಲೆಕ್ಕವನ್ನೇ ನೋಡಿ. 2001ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 12 ಲಕ್ಷ 50 ಸಾವಿರ. 2011ರಲ್ಲಿ ಸುಮಾರು 10 ಲಕ್ಷ. ಹತ್ತು ವರ್ಷದಲ್ಲಿ ಎರಡೂವರೆ ಲಕ್ಷ ಕನ್ನಡಿಗರು ಮಾಯ! ಗೋವಾದಲ್ಲಿ 2001ರಲ್ಲಿ ನೂರಕ್ಕೆ ಐದೂವರೆ ಜನ ಕನ್ನಡಿಗರಿದ್ದರು, 2011ರಲ್ಲಿ ನಾಲ್ಕೂವರೆ ಚಿಲ್ಲರೆಗೆ ಇಳಿದರು. ಗುಳೆ ನಿಂತಿತೇ? ನಮ್ಮ ಬಸ್ ಸ್ಟ್ಯಾಂಡಿಗೆ ಬಂದು ನೋಡಿದರೆ ಹಾಗೆ ಹೇಳುವ ಧೈರ್ಯ ಯಾರಿಗೂ ಆಗದು.

ನನಗೆ ಜನಗಣತಿಗಿಂತ ಮೊದಲೇ ಇದು ಗೊತ್ತಾದದ್ದು ಲಗ್ನಪತ್ರಿಕೆಯಿಂದ. ಇಪ್ಪತ್ತು ವರ್ಷ ಹೊರಗೆ ದುಡಿದು ಮಗಳ ಲಗ್ನ ಊರಲ್ಲೇ ಮಾಡಬೇಕೆಂದು ಬರುವವರು ನನ್ನ ಪ್ರೆಸ್ಸಿಗೆ ಬರುತ್ತಾರೆ. ಕುಲದೇವರ ಹೆಸರು, ಹಿರಿಯರ ಹೆಸರು ಎಲ್ಲ ಬರೆಸಿ ಕೊನೆಗೆ ತಗ್ಗಿದ ದನಿಯಲ್ಲಿ ಹೇಳುತ್ತಾರೆ: "ಅಣ್ಣಾರ, ಒಂದ್ ನೂರು ಕಾರ್ಡು ಮರಾಠಿಯೊಳಗ ಹಾಕ್ರಿ. ನಮ್ಮ ಹುಡುಗ್ರಿಗೆ ಕನ್ನಡ ಓದಾಕ ಬರಂಗಿಲ್ಲ." ತನ್ನ ಲಗ್ನದ ಕಾರ್ಡನ್ನು ತಾನೇ ಓದಲಾರದ ಮದುಮಗಳು! ಇದಕ್ಕಿಂತ ದೊಡ್ಡ ಜನಗಣತಿ ಬೇಕೇ?

ದ್ರಾಕ್ಷಿ ತೋಟದ ಪಾಠ

ಅವರು ಹೇಗೆ ಉಳಿಸಿಕೊಂಡರು? ಅಲ್ಲಿ ಸ್ಪ್ಯಾನಿಷಿಗೆ ಹೂವಿನ ಹಾಸಿಗೆ ಇತ್ತೆಂದು ತಿಳಿಯಬೇಡಿ. ಕ್ಯಾಲಿಫೋರ್ನಿಯಾ ಮೆಕ್ಸಿಕೊದ ನೆಲವಾಗಿತ್ತು. 1848ರ ಒಪ್ಪಂದದಲ್ಲಿ ಅದು ಅಮೆರಿಕದ ಪಾಲಾಯಿತು. ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ ಎಂಬ ಊರ ಹೆಸರುಗಳೇ ಸ್ಪ್ಯಾನಿಷ್. ಆದರೂ 1918ರಲ್ಲಿ ಟೆಕ್ಸಾಸ್ ರಾಜ್ಯ ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಹೇಳುವುದನ್ನು ಅಪರಾಧವೆಂದು ಸಾರಿತು. ಅಲ್ಲಿ ಆಟದ ಬಯಲಿನಲ್ಲಿ ಸ್ಪ್ಯಾನಿಷ್ ಆಡಿದ ಮಕ್ಕಳಿಗೆ ಹೊಡೆತ ಬೀಳುತ್ತಿತ್ತು.

1965ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಡೆಲಾನೊ ಎಂಬಲ್ಲಿ ದ್ರಾಕ್ಷಿ ತೋಟದ ಕೂಲಿಯವರು ಕೆಲಸ ನಿಲ್ಲಿಸಿದರು. ಮೊದಲು ಎದ್ದವರು ಫಿಲಿಪೈನ್ಸ್ ಮೂಲದವರು, ಸುಮಾರು ಒಂದು ವಾರಕ್ಕೆ ಮೆಕ್ಸಿಕೊ ಮೂಲದವರು ಕೂಡಿಕೊಂಡರು. ಅವರ ಕೂಗು 'ವೆಲ್ಗಾ!' ಅಂದರೆ ಮುಷ್ಕರ. ಮಾಲೀಕನಿಗೆ ತಿಳಿಯಲಿ ಎಂದು ಅವರು ಆ ಪದವನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಮಾಲೀಕನೇ ಆ ಪದ ಕಲಿತ! ಐದು ವರ್ಷ ಹೋರಾಟ ನಡೆಯಿತು, ದೇಶದ ಜನ ಆ ದ್ರಾಕ್ಷಿ ಕೊಳ್ಳುವುದನ್ನೇ ಬಿಟ್ಟರು, 1970ರಲ್ಲಿ ಮಾಲೀಕರು ಒಪ್ಪಂದಕ್ಕೆ ಸಹಿ ಹಾಕಿದರು. ದ್ರಾಕ್ಷಿ ಬೆಳೆಯುವ ವಿಜಯಪುರದವರಿಗೆ ಈ ಕಥೆ ಬೇರೆ ಬಿಡಿಸಿ ಹೇಳಬೇಕಿಲ್ಲ.

ಆ ಕಾಲದಲ್ಲೇ ಒಂದೊಂದೇ ಬಾಗಿಲು ತೆರೆಯಿತು. 1968ರಲ್ಲಿ ಎರಡು ಭಾಷೆಯ ಶಿಕ್ಷಣಕ್ಕೆ ಕಾಯ್ದೆ ಬಂತು. 1975ರಲ್ಲಿ ಮತದಾನದ ಕಾಯ್ದೆ ತಿದ್ದುಪಡಿಯಾಯಿತು. ಇಂಗ್ಲಿಷ್ ಸರಿಯಾಗಿ ಬಾರದ ಒಂದು ಭಾಷೆಯ ಮತದಾರರು ಒಂದು ಪ್ರದೇಶದಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚಿದ್ದರೆ ಮತಪತ್ರ ಅವರ ಭಾಷೆಯಲ್ಲೂ ಅಚ್ಚಾಗಬೇಕು. ದೊಡ್ಡ ಊರುಗಳಲ್ಲಿ ಹತ್ತು ಸಾವಿರ ದಾಟಿದರೂ ಸಾಕು ಎಂಬುದು 1992ರಲ್ಲಿ ಸೇರಿತು. ಓಟು ಬೇಕಾದವನು ಕೂಲಿಯವನ ಭಾಷೆ ಕಲಿತ. ದುಡ್ಡು ಬೇಕಾದ ವ್ಯಾಪಾರಿಯೂ ಕಲಿತ. 1955ರಲ್ಲಿ ಸ್ಯಾನ್ ಆಂಟೋನಿಯೊ ಎಂಬ ಊರಲ್ಲಿ ಶುರುವಾದ ಸ್ಪ್ಯಾನಿಷ್ ಟಿವಿ ಕೇಂದ್ರ ಮುಂದೆ ಯೂನಿವಿಷನ್ ಎಂಬ ದೇಶವ್ಯಾಪಿ ಜಾಲವಾಯಿತು. 2017ರಲ್ಲಿ 'ಡೆಸ್ಪಸಿತೊ' ಎಂಬ ಸ್ಪ್ಯಾನಿಷ್ ಹಾಡು ಅಮೆರಿಕದ ಹಾಡುಗಳ ಪಟ್ಟಿಯಲ್ಲಿ 16 ವಾರ ಮೊದಲನೆಯ ಜಾಗದಲ್ಲಿ ಕೂತಿತು. ನಿಮ್ಮಲ್ಲಿ ಎಷ್ಟೋ ಜನ ಅರ್ಥ ತಿಳಿಯದೆಯೂ ಅದನ್ನು ಗುನುಗಿದವರೇ!

ಈಗ ನಮ್ಮ ಮನೆ ನೋಡಿ. ಅವರು ಬೀದಿಗಿಳಿದು ಪಡೆದದ್ದು ನಮಗೆ ಪುಸ್ತಕದಲ್ಲೇ ಬರೆದಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಾಲೆಯಲ್ಲಿ ತಾಯ್ನುಡಿಯಲ್ಲಿ ಕಲಿಸುವ ಅನುಕೂಲ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದ ಹೇಳುತ್ತಿದೆ. ಪುಣೆಯ ಬಾಲಭಾರತಿ ಸಂಸ್ಥೆ ಮಹಾರಾಷ್ಟ್ರದ ಪಠ್ಯಪುಸ್ತಕಗಳನ್ನು ಕನ್ನಡದಲ್ಲೂ ಅಚ್ಚು ಹಾಕುತ್ತದೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದಲ್ಲಿ ಕನ್ನಡ ಶಾಲೆಗಳು ಇವತ್ತಿಗೂ ಇವೆ. ಆದರೆ ಪುಣೆಯ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿರುವ ಮುದ್ದೇಬಿಹಾಳದ ತಾಯಿಗೆ ಇದನ್ನು ಹೇಳಿದವರು ಯಾರು? ಹಕ್ಕು ಕಾಗದದಲ್ಲಿದೆ. ಕೇಳುವ ಬಾಯಿ ಇಲ್ಲ.

ನಾಚಿಕೆ ಕಲಿಸಿದವರು ಯಾರು?

ಆ ಬಾಯಿ ಮುಚ್ಚಿಸಿದ್ದು ಮರಾಠಿಯವರೋ ಕೊಂಕಣಿಯವರೋ ಎಂದು ಬೆರಳು ತೋರಿಸುವ ಮುನ್ನ ಬೆಂಗಳೂರಿನ ಯುವಕರೇ, ನಿಮ್ಮನ್ನೇ ಕೇಳಿಕೊಳ್ಳಿ. ನಮ್ಮ ಸಿಂದಗಿ ಹುಡುಗ ನಿಮ್ಮ ಅಪಾರ್ಟ್‌ಮೆಂಟಿಗೆ ಬಣ್ಣ ಬಳಿಯಲು ಬಂದರೆ ನೀವು ಅವನೊಡನೆ ಆಡುವುದು ಯಾವ ಭಾಷೆ? ಹಿಂದಿ! ಮೈಮೇಲೆ ಧೂಳಿದ್ದರೆ ಅವನು ಹೊರಗಿನವನೇ ಇರಬೇಕೆಂಬ ಲೆಕ್ಕಾಚಾರ. ಅವನು "ಏನ್ರೀ ಅಣ್ಣಾರ" ಎಂದರೆ ನಗು. ಸಿನಿಮಾದಲ್ಲಿ ನಮ್ಮ ಮಾತು ಬರುವುದೇ ಕಾಮಿಡಿಗೆ. ಸ್ವಂತ ರಾಜಧಾನಿಯಲ್ಲೇ ತನ್ನ ಕನ್ನಡಕ್ಕೆ ನಗು ಸಿಕ್ಕವನು ವಾಸ್ಕೊದಲ್ಲಿ ಅದನ್ನು ತಲೆ ಎತ್ತಿ ಆಡುತ್ತಾನೆಯೇ?

ನೀವು ನಗುವ ಈ ಮಾತಿನ ಮೇಲೆಯೇ ಕನ್ನಡ ನಿಂತಿದೆ. ಬಸವಣ್ಣ ಹುಟ್ಟಿದ್ದು ಬಾಗೇವಾಡಿಯಲ್ಲಿ. ಆ ಕಾಲದ ವಚನಕಾರರಲ್ಲಿ ಅಂಬಿಗ, ಮಾದಾರ, ಕಸ ಗುಡಿಸುವವಳು ಎಲ್ಲರೂ ಇದ್ದರು. ಆ ವಚನಗಳು ತಾಳೆಗರಿಯಲ್ಲಿ ಗೆದ್ದಲು ಹಿಡಿಯುತ್ತಿದ್ದಾಗ ಫ.ಗು. ಹಳಕಟ್ಟಿಯವರು 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿ ತಾವೇ ಅಚ್ಚು ಹಾಕಿದರು. ಆಗಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಗೆಳೆಯರು ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿದ್ದನ್ನು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಪುಸ್ತಕವಾಯಿತು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡವನ್ನು ತಾವೇ ಕಲಿತು ಕಾವ್ಯ ಬರೆದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು. ಗಡಿಯಾಚೆಯ ಒಬ್ಬ ಹೆಣ್ಣುಮಗಳಿಗೆ ಇದ್ದ ಛಲ ಗಡಿಯೊಳಗಿನ ನಮಗೆ ಇಲ್ಲವೇ?

ಹಾಗಾದರೆ ಹಿಂದಿಯವರೂ ಹೀಗೇ ಅನ್ನಬಹುದಲ್ಲ?

ಈ ಪ್ರಶ್ನೆ ಬಂದೇ ಬರುತ್ತದೆ. ಅಮೆರಿಕದಲ್ಲಿ ಸ್ಪ್ಯಾನಿಷ್ ಬೆಳೆದದ್ದು ಸರಿ ಎಂದಾದರೆ ಬೆಂಗಳೂರಿನಲ್ಲಿ ಹಿಂದಿ ಬೆಳೆದರೆ ತಪ್ಪೇನು? ತಪ್ಪಿಸಿಕೊಳ್ಳದೆ ಉತ್ತರ ಕೊಡೋಣ. ಬಿಹಾರದ ಕೂಲಿಯವನು ತನ್ನ ಶೆಡ್ಡಿನಲ್ಲಿ ಹೆಂಡತಿ ಮಕ್ಕಳೊಡನೆ ತನ್ನ ಭೋಜಪುರಿಯೋ ಮೈಥಿಲಿಯೋ ಆಡಿದರೆ ನಮ್ಮ ತಕರಾರಿಲ್ಲ. ಗೋವಾದಲ್ಲಿ ನಮ್ಮವರಿಗೆ ಬೇಕಾದದ್ದೂ ಅದೇ. ಆದರೆ ಅಮೆರಿಕದಲ್ಲಿ ಸ್ಪ್ಯಾನಿಷಿನ ಬೆನ್ನಿಗೆ ವಾಷಿಂಗ್ಟನ್ ನಿಂತಿಲ್ಲ, ಅಲ್ಲಿನ ಸರಕಾರ ನಿಂತಿರುವುದು ಇಂಗ್ಲಿಷಿನ ಪರ. ಇಲ್ಲಿ ಹಿಂದಿಯ ಬೆನ್ನಿಗೆ ದೆಹಲಿಯೇ ನಿಂತಿದೆ. ಬ್ಯಾಂಕಿನ ಚಲನ್ನಿನಿಂದ ರೈಲಿನ ಟಿಕೇಟಿನವರೆಗೆ ಅದನ್ನು ಸರಕಾರಿ ಖರ್ಚಿನಲ್ಲಿ ತಂದು ಸುರಿಯುತ್ತಾರೆ. ಕೂಲಿಯ ಭಾಷೆ ಬೇರೆ, ದೊರೆಯ ಭಾಷೆ ಬೇರೆ. ನಮ್ಮ ಜಗಳ ದೊರೆಯ ಭಾಷೆಯ ಜೊತೆ.

ಆದ್ದರಿಂದ ನ್ಯಾಯ ಒಂದೇ ಇರಲಿ: ಮನೆಯಲ್ಲಿ ತಾಯಿಯ ನುಡಿ, ಪೇಟೆಯಲ್ಲಿ ಆ ನೆಲದ ನುಡಿ. ವಾಸ್ಕೊದ ಬಾಗೇವಾಡಿಯವನು ಕೊಂಕಣಿ ಕಲಿಯಲಿ, ಕನ್ನಡ ಬಿಡದಿರಲಿ. ಬೆಂಗಳೂರಿಗೆ ಬಂದವನು ಕನ್ನಡ ಕಲಿಯಲಿ, ತನ್ನದನ್ನು ಬಿಡದಿರಲಿ. ನಮ್ಮ ತಾಂಡಾದವರು ನೂರಾರು ವರ್ಷದಿಂದ ಹೀಗೇ ಬದುಕಿದ್ದಾರೆ, ಮನೆಯಲ್ಲಿ ಲಂಬಾಣಿ, ಸಂತೆಯಲ್ಲಿ ಕನ್ನಡ. ಜನಗಣತಿ ಮಾತ್ರ ಅವರ ಲಂಬಾಣಿಯನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಿ ನುಂಗುತ್ತದೆ. ಹಿಂದಿ ಬೆಳೆಯುವ ಗುಟ್ಟು ಇದರಲ್ಲೂ ಇದೆ!

ಸ್ಪ್ಯಾನಿಷ್ ಏನು ಪಾಪದ ಹಸುವಲ್ಲ. ಅದೇ ಒಂದು ಕಾಲಕ್ಕೆ ಅಮೆರಿಕದ ಮೂಲನಿವಾಸಿಗಳ ನುಡಿಗಳನ್ನು ತುಳಿದ ದೊರೆಯ ಭಾಷೆ. ಇವತ್ತಿಗೂ ಅಲ್ಲಿ ಹೋದವರ ಮೊಮ್ಮಕ್ಕಳ ಬಾಯಲ್ಲಿ ಅದು ಕರಗುತ್ತಿದೆ. ಹೊಸಬರು ಬರುತ್ತಲೇ ಇರುವುದರಿಂದ ಕೊಡ ತುಂಬಿ ಕಾಣುತ್ತದೆ, ತಳದಲ್ಲಿ ಸೋರಿಕೆ ಇದೆ. ಅಷ್ಟು ಬಲವಿದ್ದ ಭಾಷೆಗೇ ಮೂರನೆಯ ತಲೆಮಾರಿಗೆ ಈ ಗತಿಯಾದರೆ, ಆ ಬಲವೂ ಇಲ್ಲದ, ಕೇಳುವವರೂ ಇಲ್ಲದ ವಾಸ್ಕೊದ ಕನ್ನಡದ ಮನೆಗೆ ಎಷ್ಟು ದಿನ?

ಏನು ಮಾಡಬೇಕು?

ಒಂದು. 2021ರಲ್ಲಿ ಆಗಬೇಕಿದ್ದ ಜನಗಣತಿ 2027ಕ್ಕೆ ನಿಗದಿಯಾಗಿದೆ. ಹೊರರಾಜ್ಯದಲ್ಲಿರುವ ನಿಮ್ಮ ನೆಂಟರಿಗೆ ಫೋನು ಮಾಡಿ. ಮಾತೃಭಾಷೆಯ ಕಲಮಿನಲ್ಲಿ ಕನ್ನಡ ಎಂದು ಬರೆಸಲಿ. ಲಂಬಾಣಿಗಳು ಲಂಬಾಣಿ ಎಂದೇ ಬರೆಸಿ, ಗೊತ್ತಿರುವ ಇತರ ಭಾಷೆಯ ಜಾಗದಲ್ಲಿ ಕನ್ನಡ ಬರೆಸಲಿ.

ಎರಡು. ಸಂಘಟನೆಗಳು ಬೆಂಗಳೂರಿನ ಬೋರ್ಡಿಗೆ ಮಸಿ ಬಳಿದರೆ ಕೆಲಸ ಮುಗಿಯಲಿಲ್ಲ. ಗೋವಾ, ಪುಣೆ, ಸೊಲ್ಲಾಪುರದ ಕೂಲಿ ಬಸ್ತಿಗಳಿಗೆ ಭಾನುವಾರಕ್ಕೊಮ್ಮೆ ಹೋಗಿ ಅಕ್ಷರ ಕಲಿಸಲಿ. 350ಎ ವಿಧಿಯ ಹೆಸರಿನಲ್ಲಿ ಅರ್ಜಿ ಹಾಕಿ ಶಾಲೆ ಕೇಳಲಿ.

ಮೂರು. ಕರ್ನಾಟಕ ಸರಕಾರ ಗುಳೆ ಹೋಗುವ ಮಕ್ಕಳ ಲೆಕ್ಕ ಇಡಲಿ. ಅವರ ಕೈಗೆ ಕನ್ನಡ ಪುಸ್ತಕ ಕೊಟ್ಟು ಬಸ್ಸು ಹತ್ತಿಸಲಿ. ಅದಕ್ಕಿಂತ ಮೊದಲು ಹೊಲಕ್ಕೆ ನೀರು ಕೊಡಲಿ, ಗುಳೆಯೇ ನಿಲ್ಲಲಿ!

ನಾಲ್ಕು. ನೀವು, ಪಟ್ಟಣದ ಯುವಕರು, ಕೂಲಿಯವನ ಜೊತೆ ಮೊದಲ ಮಾತು ಕನ್ನಡದಲ್ಲಿ ಆಡಿ. ಅವನಿಗೆ ಬಾರದಿದ್ದರೆ ಕಲಿಸಿ. ಬಂದರೆ, ಅದು ಯಾವ ಸೀಮೆಯ ಕನ್ನಡವಾದರೂ ನಗಬೇಡಿ.

ಅಮೆರಿಕದ ಕೂಲಿಯವರ ಹಿಂದೆ ಸೈನ್ಯವಿರಲಿಲ್ಲ. ಅವರ ಹತ್ತಿರ ಇದ್ದದ್ದು ದುಡಿಯುವ ಕೈ, ಹಾಕುವ ಓಟು, ನಾಚದ ನಾಲಿಗೆ. ಮೊದಲಿನ ಎರಡು ನಮ್ಮವರ ಬಳಿಯೂ ಇವೆ. ಮೂರನೆಯದನ್ನು ಕಿತ್ತುಕೊಂಡವರು ನಾವೇ. ಅದನ್ನು ಅವರಿಗೆ ವಾಪಸು ಕೊಡಿ!

ಸಿರಿಗನ್ನಡಂ ಗೆಲ್ಗೆ!