ಡಾಕ್ಟರ ಮುಂದೆ ಬಾಯಿ ಯಾಕೆ ಕಟ್ಟುತ್ತದೆ?

“ಏನಂದ್ರೋ ಡಾಕ್ಟರು?”

“ಪುಪ್ಪುಸದಾಗ ಗಂಟು ಐತಂತ. ಹುಬ್ಬಳ್ಳಿಗೆ ಒಯ್ರಿ ಅಂದ್ರು.”

“ಯಾತರ ಗಂಟು?”

“ಅದನ್ನ ಕೇಳಲಿಲ್ಲ ಕಾಕಾ.”

ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ಬಸ್ ನಿಲ್ದಾಣಗಳಲ್ಲಿ ಇಂಥ ಮಾತು ಕಿವಿಗೆ ಬೀಳುವುದು ಅಪರೂಪವೇನಲ್ಲ. ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ನೂರೆಂಟು ಪ್ರಶ್ನೆ ಹಾಕುವ ಈ ಭಾಗದ ರೈತ, ಸ್ವಂತ ಜೀವದ ಮಾತು ಬಂದಾಗ ಮಾತ್ರ ಕೈಕಟ್ಟಿ ನಿಲ್ಲುತ್ತಾನೆ. “ನೀವ ದೇವರು ಸಾಹೇಬ್ರ” ಎಂದು ಹೇಳಿ ಹೊರಗೆ ಬರುತ್ತಾನೆ. ದೇವರಿಗೂ ಹರಕೆ ಹೊರುವಾಗ ಇಂಥದ್ದೇ ಬೇಕೆಂದು ಬಾಯಿಬಿಟ್ಟು ಕೇಳುವ ರೂಢಿಯುಂಟಲ್ಲ!

ಹಾವೇರಿ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ವೈದ್ಯಕೀಯ ಕಾಲೇಜೂ ಬಂತು. ಆದರೆ ಪುಪ್ಪುಸದ ಕ್ಯಾನ್ಸರ್ ಎಂದ ಕೂಡಲೇ ಜನ ಇಂದಿಗೂ ಬಸ್ ಹತ್ತುವುದು ಹುಬ್ಬಳ್ಳಿಗೆ. ಕೆಲವರು ನವನಗರದ ಕ್ಯಾನ್ಸರ್ ಆಸ್ಪತ್ರೆಗೆ, ಕೆಲವರು ಹಳಬರು ಕೆ.ಎಂ.ಸಿ. ಎಂದೇ ಕರೆಯುವ ಸರಕಾರಿ ದವಾಖಾನೆಗೆ. ಹಿರೇಕೆರೂರ ಕಡೆಯವರು ದಾವಣಗೆರೆ, ಶಿವಮೊಗ್ಗದ ದಾರಿ ಹಿಡಿಯುವುದೂ ಉಂಟು. ಅಲ್ಲೂ ತೀರದಿದ್ದರೆ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ. ಒಂದು ದಿನದ ಕೂಲಿ, ಬಸ್ ಚಾರ್ಜು, ಜೊತೆಗಿದ್ದವರ ಊಟ ಎಲ್ಲ ಖರ್ಚಾಗಿ ತಜ್ಞರ ಮುಂದೆ ಸಿಗುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಏನು ಕೇಳಬೇಕು ಎಂಬುದೇ ಈಗಿನ ಪ್ರಶ್ನೆ.

ಟಿ.ಬಿ.ಯೋ, ಕ್ಯಾನ್ಸರೋ?

ಮೊದಲ ಪ್ರಶ್ನೆ: “ಇದು ಕ್ಯಾನ್ಸರ್ ಅಂತ ಯಾವ ಪರೀಕ್ಷೆಯಿಂದ ಗೊತ್ತಾತ್ರಿ?” ಎಕ್ಸ್‌-ರೇಯಲ್ಲಿ ಕಾಣುವ ನೆರಳು ಟಿ.ಬಿ.ಯದೂ ಇರಬಹುದು, ಕ್ಯಾನ್ಸರಿನದೂ ಇರಬಹುದು. ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು ಎರಡಕ್ಕೂ ಸಮಾನ. ಹೀಗಾಗಿ ಕಫದಲ್ಲಿ ಟಿ.ಬಿ. ಸಿಗದೆಯೂ ತಿಂಗಳುಗಟ್ಟಲೆ ಟಿ.ಬಿ. ಗುಳಿಗೆ ನುಂಗಿ, ಕ್ಯಾನ್ಸರ್ ಬೆಳೆದ ಮೇಲೆ ತಜ್ಞರ ಬಳಿ ಬರುವವರು ದೇಶದ ತುಂಬ ಇದ್ದಾರೆ. ಗುಳಿಗೆ ನುಂಗಿದರೂ ಇಳಿಯದಿದ್ದರೆ “ಕಫದಾಗ ಟಿ.ಬಿ. ಸಿಕ್ಕಿತ್ತೇನ್ರಿ? ಸಿ.ಟಿ. ಸ್ಕ್ಯಾನ್ ಬೇಕೇನ್ರಿ?” ಎಂದು ಕೇಳಲು ಸಂಕೋಚ ಯಾಕೆ? ಹಾಗೆಂದು ಯಾರೂ ತಾವಾಗಿ ಟಿ.ಬಿ. ಔಷಧ ಬಿಡಬಾರದು.

ಕ್ಯಾನ್ಸರನ್ನು ಖಚಿತ ಮಾಡುವುದು ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ಪರೀಕ್ಷಿಸುವುದು. “ಸೂಜಿ ಚುಚ್ಚಿದ್ರ ಹರಡ್ತೈತಿ” ಎಂಬ ಹೆದರಿಕೆಯಿಂದ ಇದನ್ನು ಬೇಡವೆನ್ನುವವರು ಬಹಳ. ಹಾಗೆ ಹರಡುವುದು ತೀರ ಅಪರೂಪ. ಪರೀಕ್ಷೆ ಮಾಡಿಸದೆ ಕಳೆಯುವ ಕಾಲವೇ ಹೆಚ್ಚು ಅಪಾಯ.

ಯಾವ ಜಾತಿ, ಎಷ್ಟನೇ ಹಂತ?

ಎರಡನೆಯದು ರೋಗದ ಜಾತಿ ಮತ್ತು ಹಂತ. ಪುಪ್ಪುಸದ ಕ್ಯಾನ್ಸರಿನಲ್ಲಿ ಮುಖ್ಯವಾಗಿ ಎರಡು ಬಗೆ. ಸಣ್ಣ ಜೀವಕೋಶದ್ದು ಬೇಗ ಹರಡುತ್ತದೆ. ಅದಕ್ಕೆ ಆಪರೇಶನ್ ಅಪರೂಪ, ಕಿಮೋ ಮತ್ತು ವಿಕಿರಣವೇ ಹೆಚ್ಚು. ನೂರರಲ್ಲಿ ಸುಮಾರು 85 ರೋಗಿಗಳದು ಇನ್ನೊಂದು ಬಗೆ. ಅದು 1, 2ನೇ ಹಂತದಲ್ಲಿ ಸಿಕ್ಕರೆ ಆಪರೇಶನ್ನಿಗೆ ಅವಕಾಶವಿದೆ. 4ನೇ ಹಂತವೆಂದರೆ ಬೇರೆ ಅಂಗಗಳಿಗೂ ಹರಡಿದೆ ಎಂದರ್ಥ. ಆಗ ಮುಖ್ಯ ಆಧಾರ ಔಷಧ.

ಇಲ್ಲೇ ಮೂರನೆಯ ಪ್ರಶ್ನೆ: “ಗುಳಿಗೆಯಿಂದ ಹಿಡಿತಕ್ಕ ಬರೂ ಜಾತಿ ಇರಬಹುದೇನ್ರಿ?” ತೆಗೆದ ಚೂರಿನಲ್ಲೇ ಇ.ಜಿ.ಎಫ್.ಆರ್., ಎ.ಎಲ್.ಕೆ. ಎಂಬ ಪರೀಕ್ಷೆ ಮಾಡಬಹುದು. ಅದರಲ್ಲಿ ಬದಲಾವಣೆ ಕಂಡ ರೋಗಿಗೆ ದಿನವೂ ನುಂಗುವ ಗುಳಿಗೆಗಳಿವೆ. ಬೀಡಿ ಸೇದದವರಲ್ಲಿ, ಹೆಂಗಸರಲ್ಲಿ ಇದು ಹೆಚ್ಚು ಕಾಣುತ್ತದೆ. ಬೀಡಿ ಮುಟ್ಟದ ಅವ್ವನಿಗೂ ಈ ರೋಗ ಬರುತ್ತದೆ ಎಂಬುದನ್ನು ಮರೆಯಲಾಗದು. ಒಲೆಯ ಹೊಗೆಯ ಮೇಲೂ ಸಂಶಯವಿದೆ.

ಹೊಲ ಮಾರುವ ಮುನ್ನ

ನಾಲ್ಕನೆಯದು ಎಲ್ಲಕ್ಕಿಂತ ಕಠಿಣ: “ಈ ಚಿಕಿತ್ಸೆ ಗುಣ ಮಾಡಾಕೋ, ರೋಗ ಹಿಡಿತದಾಗ ಇಡಾಕೋ?” ಉತ್ತರ ಕಹಿ ಇರಬಹುದು. ಆದರೆ ಅದು ತಿಳಿಯದೆ ಎರಡೆಕರೆ ಹೊಲ ಮಾರಿ, ಕೈಸಾಲ ಮಾಡಿ, ಕೊನೆಗೆ ರೋಗಿಯೂ ಇಲ್ಲ, ಹೊಲವೂ ಇಲ್ಲ ಎಂದಾಗುವುದು ಅದಕ್ಕಿಂತ ಕಹಿ.

ಐದನೆಯದು ಹಣದ ಮಾತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ದರದ ಶೇಕಡಾ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ತುರ್ತು ಸಂದರ್ಭ ಬಿಟ್ಟರೆ ಸರಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. ಆ ಚೀಟಿ ಇಲ್ಲದೆ ನೇರವಾಗಿ ಹೋದವರು ತಿರುಗಿ ಊರಿಗೆ ಬರಬೇಕಾದೀತು. “ಯಾವುದು ಕಾರ್ಡಿನಾಗ ಬರ್ತದ, ಯಾವುದಕ್ಕ ಕೈಯಿಂದ ಕೊಡಬೇಕು?” ಎಂದು ದಾಖಲಾಗುವ ಮೊದಲೇ ಕೇಳಬೇಕು. 2025ರಲ್ಲಿ ಸರಕಾರ ಕೆಲವು ಜಿಲ್ಲೆಗಳ ಆಸ್ಪತ್ರೆಗಳಲ್ಲಿ ಹಗಲು ಕಿಮೋ ಕೇಂದ್ರ ತೆರೆಯಿತು. ಮುಂದಿನ ಕಿಮೋ ಹತ್ತಿರದಲ್ಲೇ ಆದೀತೇ ಎಂದೂ ವಿಚಾರಿಸಬಹುದು.

ಆರನೆಯದು: “ಯಾವಾಗ ಓಡಿ ಬರಬೇಕು?” ಕಿಮೋ ಪಡೆದವರಿಗೆ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಬಾಯಿಂದ ರಕ್ತ ಬಂದರೂ, ಉಸಿರು ಕಟ್ಟಿದರೂ ಅಷ್ಟೇ. ಏಳನೆಯದು ನೋವು. ಸಹಿಸಿಕೊಂಡು ಮಲಗಬೇಕೆಂಬ ಕಾಯಿದೆ ಎಲ್ಲೂ ಇಲ್ಲ. ನೋವಿಗೆ ಮಾರ್ಫಿನ್ ಸಿಗುವುದು ಸುಲಭವಾಗಲೆಂದೇ 2014ರಲ್ಲಿ ಕಾಯಿದೆ ತಿದ್ದಲಾಗಿದೆ.

ರೋಗಿಗೇ ಗೊತ್ತಿಲ್ಲ!

ಇನ್ನು ಮನೆಯವರ ಪಾಡು. “ಅಪ್ಪಗ ಹೇಳಬ್ಯಾಡ್ರಿ, ಎದಿ ಒಡಕೋತಾನ” ಎಂದು ಡಾಕ್ಟರಿಗೇ ಕಣ್ಣು ಸನ್ನೆ. ಆ ಅಪ್ಪನಿಗೆ ಮಗಳ ಮದುವೆ ಮುಗಿಸುವುದಿರಬಹುದು, ಆಸ್ತಿ ಹಂಚುವುದಿರಬಹುದು. ಏನೂ ತಿಳಿಯದೆ ಅವನು ಆಸ್ಪತ್ರೆಯ ಹೊರಗೆ ಮತ್ತೊಂದು ಬೀಡಿ ಹಚ್ಚುತ್ತಾನೆ. ರೋಗ ಬಂದ ಮೇಲೆ ಬಿಟ್ಟರೂ ಲಾಭವಿದೆ, ಚಿಕಿತ್ಸೆ ಚೆನ್ನಾಗಿ ಹತ್ತುತ್ತದೆ ಎಂದು ಅವನಿಗೆ ಹೇಳುವವರು ಯಾರು?

ದೋಷ ಜನರದಷ್ಟೇ ಅಲ್ಲ. ಸಾಲುಗಟ್ಟಿ ನಿಂತ ರೋಗಿಗಳ ನಡುವೆ ಡಾಕ್ಟರಿಗೆ ಬಿಡುವಿಲ್ಲ, ನಿಜ. ಆದರೆ ತಾಲೂಕಾ ಆಸ್ಪತ್ರೆಯಿಂದ ಹುಬ್ಬಳ್ಳಿಗೆ ಬರೆದುಕೊಡುವ ಚೀಟಿಯ ಬೆನ್ನಿಗೆ ಈ ಏಳು ಪ್ರಶ್ನೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಲು ಎಷ್ಟು ಖರ್ಚಾದೀತು? ಒಂದು ಸಭೆಯ ಚಹಾ-ಚೂಡಾದ ಬಿಲ್ಲಿಗಿಂತ ಕಡಿಮೆಯೇ! ಸಂಬಂಧಪಟ್ಟವರು ಯೋಚಿಸಲಿ.

ಅಲ್ಲಿಯವರೆಗೆ ಒಂದು ಕೆಲಸ ಜನರೇ ಮಾಡಬಹುದು. ಮಕ್ಕಳ ಪಾಟಿಚೀಲದಿಂದ ಒಂದು ಹಾಳೆ ಹರಿದು ಪ್ರಶ್ನೆಗಳನ್ನು ಬರೆದುಕೊಳ್ಳಲಿ. ಓದು ಬಲ್ಲ ಒಬ್ಬರು ಜೊತೆಗಿರಲಿ. ಹಳೆಯ ಎಕ್ಸ್‌-ರೇ, ರಿಪೋರ್ಟು ಎಲ್ಲ ಒಂದೇ ಚೀಲದಲ್ಲಿರಲಿ. ಕೇಳಿದರೆ ಡಾಕ್ಟರು ಸಿಟ್ಟಾಗಬಹುದು ಎಂಬ ಅಂಜಿಕೆಯೇ? ಆದರೆ ಆಗಲಿ. ಡಾಕ್ಟರ ಸಿಟ್ಟು ಸಂಜೆಗೆ ಇಳಿದೀತು. ಗಂಟು ಹಾಗೆ ಇಳಿಯುವುದಿಲ್ಲ.