ಪೆಟ್ಟಿಗೆಗಿಂತ ಮೊದಲು ಪಟ್ಟಿ ದಡ ಸೇರಲಿ

ಎರಡು ವಾರಗಳ ಅಂತರದಲ್ಲಿ ಅರಬ್ಬೀ ಸಮುದ್ರ ನಮಗೆ ಎರಡು ಬಾರಿ ಎಚ್ಚರಿಕೆ ಕೊಟ್ಟಿದೆ. 2025ರ ಮೇ 25ರಂದು ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿತು. ಅದರಲ್ಲಿದ್ದ 640 ಕಂಟೇನರ್‌ಗಳ ಪೈಕಿ 13ರಲ್ಲಿ ಅಪಾಯಕಾರಿ ಸರಕಿತ್ತು. ಜೂನ್ 9ರಂದು ಉತ್ತರ ಕೇರಳದ ಕಡಲಿನಲ್ಲಿ ವಾನ್ ಹೈ 503 ಹಡಗಿಗೆ ಬೆಂಕಿ ಬಿತ್ತು. ನಾಲ್ವರು ನಾಪತ್ತೆಯಾದರು. ಪಾರಾದ 18 ಮಂದಿಯನ್ನು ನೌಕಾಪಡೆ ಕರೆತಂದಿದ್ದು ನವಮಂಗಳೂರು ಬಂದರಿಗೆ. ಅಪಾಯ ನಮ್ಮ ಬಾಗಿಲಿಗೆ ಅಷ್ಟು ಸಮೀಪ ಬಂದಿತ್ತು. ಮುಂದಿನ ಸಲ ನಾವು ತಯಾರಿರುತ್ತೇವೆಯೇ?

ಕೇರಳದ ಅನುಭವವನ್ನೇ ನೋಡೋಣ. ಎಲ್ಸಾ ಮುಳುಗಿದ ಮರುದಿನವೇ ಕೊಲ್ಲಂ ತೀರಕ್ಕೆ ಕಂಟೇನರ್‌ಗಳು ಬಂದು ಬಿದ್ದವು. ತಿರುವನಂತಪುರದ ಮರಳಿನಲ್ಲಿ ಸಾಬಕ್ಕಿಯಂಥ ಪ್ಲಾಸ್ಟಿಕ್ ಹರಳುಗಳು ಹರಡಿದವು. ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂಬ ವಿವರ ಮಾತ್ರ ಅಷ್ಟು ಬೇಗ ಜನರಿಗೆ ಸಿಗಲಿಲ್ಲ. ಅದನ್ನು ಬಹಿರಂಗಪಡಿಸಿ ಎಂದು ಹೈಕೋರ್ಟ್ ಹೇಳಬೇಕಾಯಿತು. ಪೆಟ್ಟಿಗೆ ಮೊದಲು ಬಂತು, ಪಟ್ಟಿ ಆಮೇಲೆ ಬಂತು.

ಈ ವಿಳಂಬ ಸಣ್ಣದಲ್ಲ. ಎಲ್ಸಾದ 12 ಕಂಟೇನರ್‌ಗಳಲ್ಲಿದ್ದದ್ದು ಕ್ಯಾಲ್ಸಿಯಂ ಕಾರ್ಬೈಡ್. ಮಾವು ಹಣ್ಣಾಗಿಸಲು ಕದ್ದುಮುಚ್ಚಿ ಬಳಸುವ ಅದೇ ಕಾರ್ಬೈಡ್. ನೀರು ತಾಗಿದರೆ ಅದು ಅಸಿಟಿಲಿನ್ ಅನಿಲ ಬಿಡುತ್ತದೆ. ಒಂದು ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ. ಇಂಥ ಪೆಟ್ಟಿಗೆಗೆ ಹಗ್ಗ ಕಟ್ಟಿ ಎಳೆದವನ ಗತಿಯೇನು? ಮಳೆಗಾಲದಲ್ಲಿ ಟ್ರಾಲ್ ಬೋಟುಗಳು ದಡದಲ್ಲಿದ್ದರೂ ನಾಡದೋಣಿಗಳು ಕಡಲಿಗಿಳಿಯುತ್ತವೆ. ಅರೆಮುಳುಗಿ ತೇಲುವ ಕಂಟೇನರ್ ಅಲೆಗಳ ನಡುವೆ ಅವುಗಳಿಗೆ ಕಾಣುವುದಿಲ್ಲ.

ಮಾಹಿತಿ ಮುಚ್ಚಿಟ್ಟರೆ ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಶ್ರೀಲಂಕಾ ಸಾಕ್ಷಿ. 2021ರಲ್ಲಿ ಕೊಲಂಬೊ ಬಳಿ ಹೊತ್ತಿ ಉರಿದ ಎಕ್ಸ್-ಪ್ರೆಸ್ ಪರ್ಲ್ ಹಡಗಿನಲ್ಲಿ ನೈಟ್ರಿಕ್ ಆಮ್ಲ ಸೋರುತ್ತಿರುವುದು ಹಡಗಿನವರಿಗೆ ಮೊದಲೇ ಗೊತ್ತಿತ್ತು. ಕತಾರ್‌ನ ಹಮದ್‌ನಲ್ಲಾಗಲಿ ಗುಜರಾತಿನ ಹಜೀರಾದಲ್ಲಾಗಲಿ ಆ ಕಂಟೇನರನ್ನು ಇಳಿಸಲಾಗಲಿಲ್ಲ. ಕೊನೆಗೆ ಪೆಟ್ಟು ತಿಂದವರು ಶ್ರೀಲಂಕಾದ ಮೀನುಗಾರರು.

2026ರ ಜನವರಿ 1ರಿಂದ ಅಂತರರಾಷ್ಟ್ರೀಯ ನಿಯಮ ಬಿಗಿಯಾಗಿದೆ. ಕಂಟೇನರ್ ಕಡಲಿಗೆ ಬಿದ್ದರೆ ಕ್ಯಾಪ್ಟನ್ ತಡಮಾಡದೆ ಸುತ್ತಲಿನ ಹಡಗುಗಳಿಗೆ, ಹತ್ತಿರದ ಕರಾವಳಿ ದೇಶಕ್ಕೆ ತಿಳಿಸಲೇಬೇಕು. ಒಳ್ಳೆಯದೇ. ಆದರೆ ಆ ಸುದ್ದಿ ಕಚೇರಿಯ ಕಡತದಲ್ಲಿ ಉಳಿದರೆ ದೋಣಿಯವನಿಗೆ ಏನು ಪ್ರಯೋಜನ? ಕಚೇರಿಯಿಂದ ಮೀನುಗಾರಿಕಾ ಬಂದರಿನವರೆಗಿನ ಕೊನೆಯ ಕೊಂಡಿ ನಮ್ಮ ಹೊಣೆ.

ಮುಂಗಾರಿಗೆ ಮುನ್ನ ರಾಜ್ಯ ಸರ್ಕಾರ ನಾಲ್ಕು ಕೆಲಸ ಮುಗಿಸಬೇಕು. ಅಪಾಯಕಾರಿ ಸರಕಿನ ಪಟ್ಟಿ ಅವಘಡವಾದ ದಿನವೇ ಕನ್ನಡದಲ್ಲಿ ಮೀನುಗಾರರ ಸಂಘಗಳಿಗೆ, ತೀರದ ಪಂಚಾಯಿತಿಗಳಿಗೆ ತಲುಪಬೇಕು. ಪೆಟ್ಟಿಗೆಗಳು ಎತ್ತ ತೇಲಬಹುದು ಎಂದು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಮುನ್ಸೂಚನೆಯನ್ನು ಮಲ್ಪೆ, ಗಂಗೊಳ್ಳಿ, ಭಟ್ಕಳ, ಕಾರವಾರ ಎಂದು ಊರಿನ ಹೆಸರು ಹಿಡಿದೇ ಹೇಳಬೇಕು. ಅಪಾಯದ ಗುರುತುಗಳನ್ನು ಓದಲು ದೋಣಿಯವರಿಗೆ, ಕರಾವಳಿ ಕಾವಲು ಪೊಲೀಸರಿಗೆ ಕಲಿಸಬೇಕು: ನೀಲಿ ಚೌಕದಲ್ಲಿ ಬೆಂಕಿಯ ಚಿತ್ರವಿದ್ದರೆ ನೀರು ತಾಗಿದರೆ ಅಪಾಯ ಎಂದರ್ಥ, 1402 ಸಂಖ್ಯೆ ಇದ್ದರೆ ಅದು ಕಾರ್ಬೈಡ್. ಕೊನೆಯದಾಗಿ, ಮೀನು ಮತ್ತು ನೀರಿನ ಪರೀಕ್ಷೆಯ ಫಲಿತಾಂಶವನ್ನು ಕೂಡಲೇ ಪ್ರಕಟಿಸಬೇಕು. ಇಲ್ಲವಾದರೆ ಗಾಳಿಸುದ್ದಿಯೇ ಮೀನು ಮಾರುಕಟ್ಟೆಯನ್ನು ಮುಗಿಸುತ್ತದೆ.

ತೀರದ ಜನರಿಗೂ ಒಂದು ಮಾತು. ಕಂಟೇನರ್ ಕಂಡರೆ ಮುಟ್ಟಬೇಡಿ, ಎಳೆಯಬೇಡಿ, ತೆರೆಯಬೇಡಿ. ಕನಿಷ್ಠ 200 ಮೀಟರ್ ದೂರವಿರಿ. ಬೀಡಿ ಹಚ್ಚಬೇಡಿ. ಕರಾವಳಿ ರಕ್ಷಣಾ ಪಡೆಯ 1554 ಅಥವಾ ಪೊಲೀಸರ 112ಕ್ಕೆ ಕರೆ ಮಾಡಿ. ಈ ಮಾತು ಮಳೆಗಾಲದ ಮೊದಲ ದೋಣಿ ಇಳಿಯುವ ಮುನ್ನವೇ ಪ್ರತಿ ಬಂದರಿನ ಗೋಡೆಯ ಮೇಲೆ ಇರುವಂತೆ ನೋಡಿಕೊಳ್ಳುವುದು ಮೂರೂ ಕರಾವಳಿ ಜಿಲ್ಲೆಗಳ ಜಿಲ್ಲಾಧಿಕಾರಿಗಳ ಕರ್ತವ್ಯ.